‘ಮುಂದಿನ ತಿಂಗಳು ಕಟ್ಟಿ, ಪರವಾಗಿಲ್ಲ’ ಅಂದ್ರು, ಸಿಬಿಲ್‌ಗೂ ಪರವಾಗಿಲ್ವಾ?

ಇವತ್ತಿನ ಎಪಿಸೋಡ್‌ನಲ್ಲಿ ಒಂದೇ ಪ್ರಶ್ನೆ. ಈ ತಿಂಗಳು ಇಎಂಐ ಕಟ್ಟೋಕೆ ಆಗ್ತಿಲ್ಲ. ಸಾಲ ಕೊಟ್ಟವರಿಗೆ ಫೋನ್ ಮಾಡಿ ಹೇಳಿದ್ದೀವಿ, ಅವರೂ ಒಪ್ಪಿದ್ದಾರೆ. ಹಾಗಾದ್ರೆ ಸಿಬಿಲ್‌ಗೆ ಏನೂ ಆಗಲ್ಲ ಅಲ್ವಾ?

ಉತ್ತರ ಏನಂದ್ರೆ, ಅವರು ಯಾವುದಕ್ಕೆ ಒಪ್ಪಿದ್ದಾರೆ ಅನ್ನೋದು ಮುಖ್ಯ. ಫೋನಿನಲ್ಲಿ ಸಿಗೋ ಸಮಾಧಾನ ಬೇರೆ, ನಿಮ್ಮ ದಾಖಲೆಯಲ್ಲಿ ಬೀಳೋ ಅಕ್ಷರ ಬೇರೆ.

ಮೊದಲು ಆ ದಾಖಲೆ ಏನು ಅಂತ ನೋಡೋಣ. ನಾವೆಲ್ಲ ‘ಸಿಬಿಲ್’ ಅಂತೀವಿ. ಆದ್ರೆ ಸಾಲದ ಮಾಹಿತಿ ಇಟ್ಕೊಳ್ಳೋ ಕಂಪನಿಗಳು ಭಾರತದಲ್ಲಿ ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. 300ರಿಂದ 900ರವರೆಗಿನ ಸ್ಕೋರ್ ಎಲ್ಲರಿಗೂ ಗೊತ್ತು. ಆದ್ರೆ ರಿಪೋರ್ಟ್ ತೆಗೆದು ಕೆಳಗೆ ಸ್ಕ್ರಾಲ್ ಮಾಡಿದ್ರೆ, ಪ್ರತಿ ಸಾಲಕ್ಕೂ ತಿಂಗಳ ಲೆಕ್ಕದ ಒಂದು ಪಟ್ಟಿ ಇರುತ್ತೆ. ಸಿಬಿಲ್ ರಿಪೋರ್ಟ್‌ನಲ್ಲಿ ಅದು 36 ತಿಂಗಳವರೆಗಿನದು. ಪ್ರತಿ ಮನೆಯಲ್ಲೂ ಒಂದು ಸಂಖ್ಯೆ. ಅದಕ್ಕೆ ಡಿಪಿಡಿ ಅಂತಾರೆ. ಗಡುವು ದಾಟಿ ಎಷ್ಟು ದಿನ ಆಯ್ತು ಅನ್ನೋ ಲೆಕ್ಕ ಅದು. ಸರಿಯಾಗಿ ಕಟ್ಟಿದ್ರೆ 000.

ಒಂದು ಉದಾಹರಣೆ ತಗೊಳ್ಳೋಣ. ಬೈಕ್ ಲೋನ್, ಪ್ರತಿ ತಿಂಗಳು 5ನೇ ತಾರೀಖು ಇಎಂಐ. ಸಂಬಳ ಬಂದಿಲ್ಲ. ರಿಕವರಿ ಏಜೆಂಟ್ ಫೋನ್ ಮಾಡ್ತಾರೆ. ನೀವು ಕಷ್ಟ ಹೇಳ್ತೀರಿ. ಅವರು, ‘ಸರಿ ಸರ್, ಮುಂದಿನ ತಿಂಗಳು ಎರಡೂ ಸೇರಿಸಿ ಕಟ್ಬಿಡಿ’ ಅಂತಾರೆ. ನೀವೂ ಹೇಳಿದ ಮಾತಿನಂತೆ ಮುಂದಿನ 5ಕ್ಕೆ ಎರಡೂ ಕಂತು ಕಟ್ತೀರಿ.

ಆದ್ರೆ ಈ ಮಧ್ಯೆ ಏನಾಯ್ತು? ಆಟೋ ಡೆಬಿಟ್ ನಿಲ್ಲಿಸಿರಲಿಲ್ಲ. 5ನೇ ತಾರೀಖು ಅದು ಬೌನ್ಸ್ ಆಯ್ತು, ಅದಕ್ಕೊಂದು ಚಾರ್ಜ್ ಬಿತ್ತು. ತಿಂಗಳ ಕೊನೆಗೆ ಸುಮಾರು 25 ದಿನ ತಡ ಅಂತ ಮಾಹಿತಿ ಹೋಯ್ತು. ಏಜೆಂಟ್ ಸುಳ್ಳು ಹೇಳಿದ್ರು ಅಂತಲ್ಲ. ಅವರು ಮುಂದಿನ ತಿಂಗಳವರೆಗೆ ಫೋನ್ ಮಾಡಲ್ಲ ಅಂತ ಒಪ್ಪಿದ್ರು, ಅಷ್ಟೇ. ಸಾಲದ ಗಡುವು ಬದಲಾಗಲಿಲ್ಲ. ಗಡುವು ಬದಲಾಗದೆ ಡಿಪಿಡಿ ಎಣಿಕೆ ನಿಲ್ಲಲ್ಲ.

2025ರ ಜನವರಿ 1ರಿಂದ ಸಾಲ ಕೊಟ್ಟವರು ತಿಂಗಳಿಗೆ ಕನಿಷ್ಠ ಎರಡು ಸಲ ಈ ಮಾಹಿತಿ ಕಳಿಸಬೇಕು ಅಂತ ಆರ್‌ಬಿಐ ನಿಯಮ ಮಾಡಿತು. ಅಂದ್ರೆ ತಡ ಆದದ್ದು ಬೇಗ ಕಾಣುತ್ತೆ. ಕಟ್ಟಿದ್ದೂ ಬೇಗ ಕಾಣುತ್ತೆ ಅನ್ನಿ.

ಈಗ ನಿಜವಾದ ವ್ಯವಸ್ಥೆಗಳಿಗೆ ಬರೋಣ. ಮೂರು ಹೆಸರು ನೆನಪಿಟ್ಕೊಳ್ಳಿ.

ಒಂದನೆಯದು, ಗಡುವನ್ನೇ ಮುಂದೂಡೋದು. 2020ರ ಕೋವಿಡ್ ಮೊರಟೋರಿಯಂ ನೆನಪಿದೆಯಲ್ಲ? ಮಾರ್ಚ್‌ನಿಂದ ಆಗಸ್ಟ್‌ವರೆಗಿನ ಕಂತುಗಳನ್ನು ಮುಂದೂಡೋಕೆ ಆರ್‌ಬಿಐ ಅವಕಾಶ ಕೊಟ್ಟಿತ್ತು. ಅದನ್ನು ತಗೊಂಡವರ ಆ ತಿಂಗಳುಗಳನ್ನು ‘ತಡ’ ಅಂತ ಎಣಿಸಬಾರದು ಅಂತ ಸ್ಪಷ್ಟವಾಗಿ ಹೇಳಿತ್ತು. ಬಡ್ಡಿ ಮಾತ್ರ ಓಡ್ತಾನೇ ಇತ್ತು. ಅಂದ್ರೆ ಲಿಖಿತವಾಗಿ ಗಡುವು ಮುಂದಕ್ಕೆ ಹೋದ್ರೆ ದಾಖಲೆ ಉಳಿಯುತ್ತೆ, ಖರ್ಚು ಮಾತ್ರ ಜಾಸ್ತಿ.

ಎರಡನೆಯದು, ರೀಸ್ಟ್ರಕ್ಚರಿಂಗ್. ಸಾಲದ ಅವಧಿ ಹೆಚ್ಚಿಸಿ ಕಂತು ಕಡಿಮೆ ಮಾಡ್ತಾರೆ. ಉಸಿರಾಡೋಕೆ ಜಾಗ ಸಿಗುತ್ತೆ. ಆದ್ರೆ ರಿಪೋರ್ಟ್‌ನಲ್ಲಿ ‘ರೀಸ್ಟ್ರಕ್ಚರ್ಡ್’ ಅಂತ ಬರಬಹುದು. ಮುಂದೆ ಸಾಲ ಕೊಡೋರು ಅದನ್ನ ನೋಡ್ತಾರೆ. ಹಾಗಂತ ಭಯಪಡಬೇಡಿ. 90 ದಿನ ದಾಟಿ ಸಾಲ ಎನ್‌ಪಿಎ ಆಗೋದಕ್ಕಿಂತ ಇದು ಎಷ್ಟೋ ವಾಸಿ.

ಮೂರನೆಯದು, ಸೆಟ್ಲ್‌ಮೆಂಟ್. ಇಲ್ಲೇ ತುಂಬ ಜನ ಎಡವೋದು. 60,000 ಬಾಕಿ ಇದೆ, ‘35,000 ಕಟ್ಟಿ, ಮುಗಿಸಿಬಿಡೋಣ’ ಅಂತ ಆಫರ್ ಬರುತ್ತೆ. 25,000 ಉಳೀತು ಅಂತ ಖುಷಿ. ಆದ್ರೆ ರಿಪೋರ್ಟ್‌ನಲ್ಲಿ ‘ಕ್ಲೋಸ್ಡ್’ ಅಂತ ಬರಲ್ಲ, ‘ಸೆಟಲ್ಡ್’ ಅಂತ ಬರುತ್ತೆ. ಪೂರ್ತಿ ಕಟ್ಟಿಲ್ಲ ಅಂತ ಅದರ ಅರ್ಥ. 2023ರ ಆರ್‌ಬಿಐ ನಿಯಮದ ಪ್ರಕಾರ, ಕೃಷಿ ಸಾಲ ಬಿಟ್ಟು ಉಳಿದವುಗಳಲ್ಲಿ, ಹೀಗೆ ಸೆಟ್ಲ್ ಮಾಡ್ಕೊಂಡವರಿಗೆ ಅದೇ ಸಂಸ್ಥೆ ಕನಿಷ್ಠ 12 ತಿಂಗಳು ಹೊಸ ಸಾಲ ಕೊಡೋ ಹಾಗಿಲ್ಲ. ಬೇರೆ ದಾರಿಯೇ ಇಲ್ಲದಾಗ ಸೆಟ್ಲ್‌ಮೆಂಟ್ ತಪ್ಪಲ್ಲ. ಆದ್ರೆ ಅದನ್ನ ಡಿಸ್ಕೌಂಟ್ ಅಂದ್ಕೊಂಡು ತಗೋಬೇಡಿ.

ಕ್ರೆಡಿಟ್ ಕಾರ್ಡ್ ಇರೋರಿಗೆ ಒಂದು ಮಾತು. ಗಡುವು ದಾಟಿ 3 ದಿನಕ್ಕಿಂತ ಜಾಸ್ತಿ ಆದ್ಮೇಲೆ ಮಾತ್ರ ತಡ ಅಂತ ವರದಿ ಮಾಡಬೇಕು, ಲೇಟ್ ಚಾರ್ಜ್ ಹಾಕಬೇಕು ಅಂತ ನಿಯಮ ಇದೆ. ಪೂರ್ತಿ ಬಿಲ್ ಕಟ್ಟೋಕೆ ಆಗದಿದ್ರೆ ಮಿನಿಮಮ್ ಡ್ಯೂ ಆದ್ರೂ ಕಟ್ಟಿ. ಬಡ್ಡಿ ಜೋರಾಗೇ ಬೀಳುತ್ತೆ, ಆದ್ರೆ ‘ತಡ’ ಅನ್ನೋ ಗುರುತು ಬೀಳಲ್ಲ.

‘ಈಗ ತಗೊಳ್ಳಿ, ಆಮೇಲೆ ಕಟ್ಟಿ’ ಅನ್ನೋ ಆ್ಯಪ್‌ಗಳ ಬಗ್ಗೆಯೂ ಹೇಳ್ಬೇಕು. ಫುಡ್ ಆರ್ಡರ್‌ಗೆ ಬಳಸಿದ 1,500 ರೂಪಾಯಿ ಕೂಡ ಬಹಳ ಸಲ ಯಾವುದೋ ಬ್ಯಾಂಕ್ ಅಥವಾ ಎನ್‌ಬಿಎಫ್‌ಸಿ ಕೊಟ್ಟ ಸಾಲವೇ. ಆ್ಯಪ್ ಮೂಲಕ ಕೊಟ್ಟ ಸಾಲವನ್ನೂ, ಮೊತ್ತ ಎಷ್ಟೇ ಚಿಕ್ಕದಾಗಿರಲಿ, ವರದಿ ಮಾಡಲೇಬೇಕು. ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದ್ರೆ ಸಾಲ ಹೋಗಲ್ಲ.

ಇನ್ನೊಂದು, ಇದನ್ನ ದಯವಿಟ್ಟು ಗಮನ ಇಟ್ಟು ಕೇಳಿ. ಎಜುಕೇಶನ್ ಲೋನ್‌ಗೆ ಅಪ್ಪನೋ ಅಮ್ಮನೋ ಜಂಟಿ ಸಾಲಗಾರರಾಗಿ ಸಹಿ ಹಾಕಿರ್ತಾರೆ. ನಿಮ್ಮ ಕಂತು ತಡ ಆದ್ರೆ ಅವರ ದಾಖಲೆಯಲ್ಲೂ ಅದೇ ಬೀಳುತ್ತೆ. ನಾಳೆ ಊರಲ್ಲಿ ಅಪ್ಪ ಟ್ರ್ಯಾಕ್ಟರ್ ಲೋನ್‌ಗೋ ಮನೆ ರಿಪೇರಿ ಸಾಲಕ್ಕೋ ಹೋದಾಗ, ಬ್ಯಾಂಕ್‌ನವರು ಅವರ ಹೆಸರಲ್ಲಿ ನಿಮ್ಮ ಬಾಕಿ ತೋರಿಸ್ತಾರೆ. ಕಷ್ಟ ಇದ್ರೆ ಬ್ಯಾಂಕಿಗೆ ಹೇಳೋ ಹಾಗೆ ಮನೆಗೂ ಹೇಳಿ.

ಹಾಗಾದ್ರೆ ಏನು ಮಾಡೋದು? ಗಡುವಿಗೆ ಮುಂಚೆ ಹೋಗಿ. ಏಜೆಂಟ್ ಹತ್ರ ಅಲ್ಲ, ಬ್ಯಾಂಕಿನ ಅಧಿಕೃತ ಇಮೇಲ್‌ಗೆ ಅಥವಾ ಬ್ರಾಂಚಿಗೆ. ಮೂರು ಪ್ರಶ್ನೆ ಬರವಣಿಗೆಯಲ್ಲಿ ಕೇಳಿ. ನನ್ನ ಕಂತಿನ ಗಡುವು ಬದಲಾಗಿದೆಯಾ? ಅಲ್ಲಿವರೆಗೆ ಆಟೋ ಡೆಬಿಟ್ ನಿಲ್ಲಿಸ್ತೀರಾ? ಕ್ರೆಡಿಟ್ ರಿಪೋರ್ಟ್‌ಗೆ ಏನಂತ ಕಳಿಸ್ತೀರಾ? ಉತ್ತರ ಲಿಖಿತವಾಗಿ ಬರೋವರೆಗೂ ಒಪ್ಪಂದ ಆಗಿದೆ ಅಂದ್ಕೋಬೇಡಿ. ಸೆಟ್ಲ್‌ಮೆಂಟ್ ಆದ್ರೆ, ಪತ್ರ ಕೈಗೆ ಬಾರದೆ ದುಡ್ಡು ಹಾಕಬೇಡಿ.

ಆಮೇಲೆ ರಿಪೋರ್ಟ್ ನೋಡಿ. ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಉಚಿತವಾಗಿ ಕೊಡಬೇಕು. ನಿಮ್ಮ ರಿಪೋರ್ಟ್ ನೀವೇ ನೋಡಿದ್ರೆ ಸ್ಕೋರ್ ಕಡಿಮೆ ಆಗಲ್ಲ. ಒಪ್ಪಿದ್ದಕ್ಕೂ ಬರೆದಿದ್ದಕ್ಕೂ ತಾಳೆ ಆಗದಿದ್ರೆ ದೂರು ಕೊಡಿ. 30 ದಿನದಲ್ಲಿ ಬಗೆಹರಿಸದಿದ್ರೆ, ಆಮೇಲಿನ ಪ್ರತಿ ದಿನಕ್ಕೆ ನಿಮಗೆ 100 ರೂಪಾಯಿ ಪರಿಹಾರ ಕೊಡಬೇಕು. ಅದಕ್ಕೂ ಜಗ್ಗದಿದ್ರೆ ಆರ್‌ಬಿಐ ಒಂಬುಡ್ಸ್‌ಮನ್ ಹತ್ರ ಹೋಗಬಹುದು. ಅದಕ್ಕೆ ಫೀಸ್ ಇಲ್ಲ. ಆದ್ರೆ ಅಲ್ಲೆಲ್ಲ ಕೆಲಸಕ್ಕೆ ಬರೋದು ಆ ಇಮೇಲ್ ಮಾತ್ರ, ‘ಅವರು ಫೋನಲ್ಲಿ ಹೇಳಿದ್ರು’ ಅನ್ನೋದು ಅಲ್ಲ.

ಇಎಂಐ ಕಟ್ಟೋಕೆ ಒದ್ದಾಡ್ತಿರೋ ಫ್ರೆಂಡ್ ಇದ್ರೆ ಈ ಎಪಿಸೋಡ್ ಕಳಿಸಿ. ಮುಂದಿನ ಗಡುವಿನ ಮುಂಚೆ ಕೇಳಿಸಿಕೊಳ್ಳಲಿ.