ಉದಯೋನ್ಮುಖರ ಆಟ

2024ನೆಯ ಇಸವಿಯ ಅಕ್ಟೋಬರ್ ತಿಂಗಳಿನ ಒಂದು ಶನಿವಾರ ಬೆಳಿಗ್ಗೆ ಒಂಬತ್ತನೆಯ ತರಗತಿಗೆ ಸಂಧಿಪ್ರಕರಣವನ್ನು ಪಾಠ ಹೇಳುತ್ತಿದ್ದೆ. ಗುಣಸಂಧಿಗೆ ಉದಾಹರಣೆ ಕೊಡಿರೆಂದಾಗ ದೇವೇಂದ್ರ, ಮಹೋನ್ನತ ಎಂಬ ಹಳೆಯ ಸರಕೇ ಬಂದಿತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಉದಯೋನ್ಮುಖ, ಸಾರ್" ಎಂದ. ಎಲ್ಲಿ ಓದಿದೆಯಪ್ಪ ಎಂದು ಕೇಳಿದೆ. "ಪೇಪರಿನಲ್ಲಿ ಸಾರ್. ಉದಯೋನ್ಮುಖ ತಂಡಗಳ ಏಷ್ಯಾ ಕಪ್. ನಿನ್ನೆ ನಾವು ಅಫಘಾನಿಸ್ತಾನದ ಕೈಲಿ ಸೋತುಬಿಟ್ಟೆವು" ಎಂದು ಮುಖ ಚಿಕ್ಕದು ಮಾಡಿಕೊಂಡ. ಸಂಧಿಯೂ ಸರಿಯಾಗಿತ್ತು, ಸುದ್ದಿಯೂ ಸರಿಯಾಗಿತ್ತು.

ಉನ್ಮುಖನೆಂದರೆ ಮುಖವನ್ನು ಮೇಲಕ್ಕೆತ್ತಿ ಒಂದನ್ನು ಎದುರುನೋಡುತ್ತಿರುವವನು. ಉದಯೋನ್ಮುಖನು ಇನ್ನೂ ಉದಯಿಸಿಲ್ಲ, ಉದಯಿಸಲು ಅನುವಾಗಿದ್ದಾನೆ. ಈ ಪಂದ್ಯಾವಳಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಕ್ಕಲಾರದು. 2025ರ ನವೆಂಬರಿನಲ್ಲಿ ದೋಹಾ ನಗರದಲ್ಲಿ ನಡೆದಾಗ ಇದಕ್ಕೆ "ರೈಸಿಂಗ್ ಸ್ಟಾರ್ಸ್" ಎಂದು ಹೆಸರು ಬದಲಾಯಿಸಿದರು. ಹುಡುಗರನ್ನು ಅಷ್ಟು ಬೇಗ ನಕ್ಷತ್ರಗಳೆಂದು ಕರೆಯುವುದು ನನಗೆ ಅಷ್ಟಾಗಿ ಹಿಡಿಸಲಿಲ್ಲ. ಆದರೆ ನನ್ನನ್ನು ಕೇಳಿದವರಾರು?

ಏಷ್ಯಾದ ಕ್ರಿಕೆಟ್ ಮಂಡಲಿಯವರು ಇದನ್ನು ಮೊದಲು ನಡೆಸಿದ್ದು 2013ರಲ್ಲಿ, ಸಿಂಗಪುರದಲ್ಲಿ. ಆ ವರ್ಷ ಭಾರತ ಗೆದ್ದಿತು. ಆಮೇಲೆ 2017, 2018ರಲ್ಲಿ ಶ್ರೀಲಂಕಾ, 2019, 2023ರಲ್ಲಿ ಪಾಕಿಸ್ತಾನ. ಮೊದಲು 50 ಓವರುಗಳ ಆಟವಾಗಿದ್ದುದು 2024ರಲ್ಲಿ 20 ಓವರುಗಳಿಗೆ ಇಳಿಯಿತು. ಇದರಲ್ಲಿ ಒಂದು ವಿಚಿತ್ರವಿದೆ. ಭಾರತ, ಪಾಕಿಸ್ತಾನ, ಶ್ರೀಲಂಕಾಗಳು ಇಲ್ಲಿಗೆ ಕಳುಹಿಸುವುದು ತಮ್ಮ ಎರಡನೆಯ ಸಾಲಿನ ಆಟಗಾರರನ್ನು. ಓಮಾನ್, ಹಾಂಗ್‌ಕಾಂಗ್‌ಗಳಂಥ ಚಿಕ್ಕ ನಾಡುಗಳು ಕಳುಹಿಸುವುದು ತಮ್ಮ ಮೊದಲ ತಂಡವನ್ನೇ. ಒಬ್ಬರಿಗೆ ಇದು ಅಟ್ಟಕ್ಕೆ ಹಾಕಿದ ಏಣಿ. ಇನ್ನೊಬ್ಬರಿಗೆ ಇದೇ ಮನೆ.

ಸಿಂಗಪುರದ ಆ ಮೊದಲ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಪಾಕಿಸ್ತಾನದ ಎದುರು ಔಟಾಗದೆ 93 ರನ್ನು ಹೊಡೆದು ಗೆಲ್ಲಿಸಿದ ಹುಡುಗ ನಮ್ಮವನೇ, ಮಂಗಳೂರಿನಲ್ಲಿ ಬೆಳೆದ ಕೆ. ಎಲ್. ರಾಹುಲ್. ಮರುವರ್ಷದ ಡಿಸೆಂಬರಿನಲ್ಲಿ ಆತ ಮೆಲ್ಬರ್ನಿನಲ್ಲಿ ಟೆಸ್ಟ್ ಆಡಿದ. ಹೀಗೆ ಏಣಿ ಹತ್ತಿದವರ ಹೆಸರು ಎಲ್ಲರಿಗೂ ಗೊತ್ತು. ತಂಡದೊಡನೆ ಹೋಗಿ, ಒಂದು ಪಂದ್ಯವನ್ನೂ ಆಡದೆ, ನೀರಿನ ಬಾಟಲಿ ಹೊತ್ತು ಹಿಂದಿರುಗಿದವರ ಹೆಸರು ಯಾರಿಗೂ ತಿಳಿಯದು. ಬೆಂಗಳೂರಿನ ರಾಹುಲ್ ದ್ರಾವಿಡ್ ಅವರು 2015ರಿಂದ ಕೆಲವು ವರ್ಷ ಭಾರತದ 'ಎ' ತಂಡಕ್ಕೂ ಹತ್ತೊಂಬತ್ತರ ಒಳಗಿನ ಹುಡುಗರಿಗೂ ಶಿಕ್ಷಕರಾಗಿದ್ದರಷ್ಟೆ. 'ಎ' ತಂಡದ ಪ್ರವಾಸಕ್ಕೆ ಬಂದ ಪ್ರತಿಯೊಬ್ಬ ಹುಡುಗನಿಗೂ ಆಡುವ ಅವಕಾಶ ಸಿಕ್ಕಲೇಬೇಕೆಂಬುದು ಅವರು ಇಟ್ಟುಕೊಂಡ ನಿಯಮ. ಮೂವತ್ತು ವರ್ಷ ಪಾಠ ಹೇಳಿದ ನಾನು, ಕೈ ಎತ್ತುವ ನಾಲ್ಕು ಮಕ್ಕಳನ್ನೇ ಮತ್ತೆ ಮತ್ತೆ ಕೇಳಿ ಗಂಟೆ ಕಳೆದ ದಿನಗಳನ್ನು ನೆನೆದು, ಇದನ್ನು ಓದಿದಾಗ ಸ್ವಲ್ಪ ನಾಚಿದೆ.

ಈಗ ಅಫಘಾನಿಸ್ತಾನದ ಮಾತಿಗೆ ಬರೋಣ. ಸೋವಿಯತ್ ಸೇನೆ ಬಂದ ಮೇಲೆ ದೇಶ ಬಿಟ್ಟ ಲಕ್ಷಾಂತರ ಜನ ಪೆಷಾವರದ ಸುತ್ತ ಶಿಬಿರಗಳಲ್ಲಿ ನೆಲಸಿದರು. ಕಚ್ಚಾ ಗಢಿ ಎಂಬ ಅಂಥ ಒಂದು ಶಿಬಿರದ ಹುಡುಗರು ಪಾಕಿಸ್ತಾನದ ಮಕ್ಕಳನ್ನು ನೋಡಿ ಬ್ಯಾಟು ಹಿಡಿದರು. ಅಂತರರಾಷ್ಟ್ರೀಯ ಮಂಡಲಿಯಲ್ಲಿ ಅವರಿಗೆ ಸ್ಥಾನ ದೊರೆತದ್ದು 2001ರಲ್ಲಿ. 2008ರಲ್ಲಿ ಜರ್ಸಿ ದ್ವೀಪದಲ್ಲಿ ಐದನೆಯ ದರ್ಜೆಯ ಪಂದ್ಯಾವಳಿ ಗೆದ್ದು ಮೇಲೆ ಹತ್ತತೊಡಗಿದರು. 2010ಕ್ಕೆ ವಿಶ್ವ ಟಿ-20 ಪಂದ್ಯಾವಳಿಯಲ್ಲಿ ಕಾಣಿಸಿಕೊಂಡರು. 2017ರಲ್ಲಿ ಟೆಸ್ಟ್ ಮನ್ನಣೆ ಬಂದಿತು.

ಅವರ ಮೊದಲ ಟೆಸ್ಟ್ ನಡೆದದ್ದು ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, 2018ರ ಜೂನ್ 14, ಗುರುವಾರ. ಶನಿವಾರದ ಆಟಕ್ಕೆ ಹೋಗೋಣವೆಂದು ನಾನು ತಮ್ಮನ ಮಗನೊಡನೆ ಗೊತ್ತುಮಾಡಿಕೊಂಡಿದ್ದೆ. ಶುಕ್ರವಾರ ಸಂಜೆ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಾಗ ಅವನ ಫೋನು ಬಂದಿತು: "ದೊಡ್ಡಪ್ಪ, ಬರಬೇಡಿ. ಮ್ಯಾಚು ಮುಗಿದುಹೋಯಿತು." ಭಾರತ 474. ಅಫಘಾನಿಸ್ತಾನ ಒಮ್ಮೆ 109, ಇನ್ನೊಮ್ಮೆ 103. ಒಂದೇ ದಿನದಲ್ಲಿ 24 ವಿಕೆಟ್ಟುಗಳು ಉರುಳಿದ್ದವು. ಸಿಂಗಪುರದ ರಾಹುಲ್ ಆ ಪಂದ್ಯದಲ್ಲಿ 54 ಹೊಡೆದಿದ್ದ. ಬಹುಮಾನ ವಿತರಣೆಯಾದ ಮೇಲೆ ನಮ್ಮ ನಾಯಕ ಅಜಿಂಕ್ಯ ರಹಾನೆ ಸೋತವರನ್ನು ಕರೆದು ಬಹುಮಾನದ ಜೊತೆ ಒಟ್ಟಿಗೆ ನಿಲ್ಲಿಸಿಕೊಂಡು ಚಿತ್ರ ತೆಗೆಸಿದ. ಮರುದಿನದ ಪತ್ರಿಕೆಯಿಂದ ಆ ಚಿತ್ರವನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ.

ಇವರಿಗೆ ಟೆಸ್ಟ್ ಕೊಟ್ಟದ್ದು ಅವಸರವಾಯಿತೆಂದು ಆಗ ಹಲವರು ಅಂದರು, ನಾನೂ ಅಂದೆ. ಮರುವರ್ಷ ಮಾರ್ಚಿನಲ್ಲಿ ಡೆಹ್ರಾಡೂನಿನಲ್ಲಿ ಅವರು ಐರ್ಲೆಂಡನ್ನು ಸೋಲಿಸಿದರು. ಅದು ಅವರ ಎರಡನೆಯ ಟೆಸ್ಟ್. 1932ರಲ್ಲಿ ಆಟ ತೊಡಗಿದ ನಾವು ಮೊದಲ ಗೆಲುವಿಗೆ 1952ರವರೆಗೆ, ಇಪ್ಪತ್ತು ವರ್ಷ, ಕಾದೆವೆಂಬುದು ನನ್ನಂಥ ಟೀಕಾಕಾರರಿಗೆ ಮರೆತೇಹೋಗಿತ್ತು.

2024ರಲ್ಲಿ ಆ ಹುಡುಗ ಹೇಳಿದ ಪಂದ್ಯಕ್ಕೆ ಬರುತ್ತೇನೆ. ಮಸ್ಕತ್ತಿನ ಬಳಿ ಅಲ್ ಅಮೆರಾತ್ ಎಂಬಲ್ಲಿ, ಹುಲ್ಲುಕಡ್ಡಿಯೂ ಕಾಣದ ಬೋಳು ಬೆಟ್ಟಗಳ ನಡುವೆ ಒಂದು ಹಸುರು ಮೈದಾನ. ಸೆಮಿಫೈನಲಿನಲ್ಲಿ ಅಫಘಾನರು 206 ಹೊಡೆದರು. ತಿಲಕ್ ವರ್ಮನ ಭಾರತ ತಂಡ 20 ರನ್ನು ಹಿಂದುಳಿಯಿತು. ಭಾನುವಾರ ಅಂತಿಮ ಪಂದ್ಯದಲ್ಲಿ ಶ್ರೀಲಂಕಾದ ಮೊದಲ ನಾಲ್ಕು ವಿಕೆಟ್ಟುಗಳು 15 ರನ್ನಿಗೇ ಬಿದ್ದವು. ಒಟ್ಟು 133 ಆಯಿತು, ಸಾಲದಾಯಿತು. ಅಫಘಾನರು ಏಳು ವಿಕೆಟ್ಟುಗಳಿಂದ ಗೆದ್ದರು. ಸೆದಿಕುಲ್ಲಾ ಅಟಲ್ ಎಂಬ ತರುಣ ಆಡಿದ ಐದು ಪಂದ್ಯಗಳಲ್ಲಿಯೂ ಅರ್ಧಶತಕಕ್ಕೆ ಕಡಿಮೆ ಹೊಡೆಯಲಿಲ್ಲ. ಒಟ್ಟು 368 ರನ್ನು. ಅದೇ ಜೂನ್ ತಿಂಗಳಿನಲ್ಲಿ ಅವರ ಮೊದಲ ತಂಡ ಆಸ್ಟ್ರೇಲಿಯಾವನ್ನು ಮಣಿಸಿ ಟಿ-20 ವಿಶ್ವಕಪ್ಪಿನ ಸೆಮಿಫೈನಲ್ ಮುಟ್ಟಿತ್ತು. ಸ್ವದೇಶದಲ್ಲಿ ಒಂದು ಟೆಸ್ಟನ್ನೂ ಆಡಲಾಗದೆ ಡೆಹ್ರಾಡೂನು, ಲಖನೌಗಳನ್ನು ತವರು ಮಾಡಿಕೊಂಡವರ ಸಾಧನೆ ಇದು.

ಸೋಮವಾರ ತರಗತಿಯಲ್ಲಿ ಇದನ್ನೆಲ್ಲ ಉತ್ಸಾಹದಿಂದ ಹೇಳಿದೆ. ಕೇಳುತ್ತಿದ್ದ ಹುಡುಗಿಯೊಬ್ಬಳು, "ಅವರ ಹುಡುಗಿಯರ ಟೀಮು ಚೆನ್ನಾಗಿದೆಯೇ ಸಾರ್?" ಎಂದಳು. ನಾನು ಮಾತು ನಿಲ್ಲಿಸಬೇಕಾಯಿತು. 2020ರ ನವೆಂಬರಿನಲ್ಲಿ ಅಲ್ಲಿ 25 ಮಂದಿ ಹೆಣ್ಣುಮಕ್ಕಳನ್ನು ಆರಿಸಿ ಕರಾರು ಮಾಡಿಕೊಂಡಿದ್ದರು. 2021ರ ಆಗಸ್ಟಿನಲ್ಲಿ ಸರ್ಕಾರ ಬದಲಾಯಿತು, ತಂಡ ಇಲ್ಲವಾಯಿತು. ಹುಡುಗಿಯರಿಗೆ ಆರನೆಯ ತರಗತಿಯಾಚೆ ಶಾಲೆಯೂ ಇಲ್ಲವಾಯಿತು. ಕೇಳಿದವಳು ಒಂಬತ್ತನೆಯ ತರಗತಿಯಲ್ಲಿ ಕುಳಿತಿದ್ದಳು.

ಆಟಗಾರ್ತಿಯರಲ್ಲಿ ಹೆಚ್ಚಿನವರು ಆಸ್ಟ್ರೇಲಿಯಾ ಸೇರಿದರೆಂದು ಮಾತ್ರ ಆ ದಿನ ಹೇಳಿದೆ. ಮರುವರ್ಷ ಜನವರಿ 30ರಂದು ಅವರು ಮೆಲ್ಬರ್ನಿನ ಜಂಕ್ಷನ್ ಓವಲ್ ಮೈದಾನದಲ್ಲಿ ಒಟ್ಟುಗೂಡಿ ಒಂದು ಪಂದ್ಯ ಆಡಿದರು. ಸುದ್ದಿ ಬಂದಾಗ ಆ ಹುಡುಗಿಯನ್ನು ಕರೆದು ಪತ್ರಿಕೆ ಕೊಟ್ಟೆ. ಅವಳು ನಿಂತಲ್ಲೇ ಓದಿ ಮುಗಿಸಿ, ಅದನ್ನು ಮನೆಗೆ ಒಯ್ಯಬಹುದೇ ಎಂದು ಕೇಳಿ ತೆಗೆದುಕೊಂಡು ಹೋದಳು.