ಪಕ್ಕದವರ ಮಾತು

ಭಾರವಾದ ಲಾರಿಯೊಂದು ಪುಟ್ಟ ಕಾರಿಗೆ ಗುದ್ದಿತು. ಯಾವುದರ ಮೇಲೆ ಹೆಚ್ಚು ಬಲ ಬಿತ್ತು? ಕಾರಿನ ಮೇಲೆ ಅಂತ ಥಟ್ಟನೆ ಅನಿಸುತ್ತೆ. ಆದರೆ ನ್ಯೂಟನ್ನನ ಮೂರನೇ ನಿಯಮದಂತೆ ಎರಡರ ಮೇಲೂ ಬಿದ್ದದ್ದು ಒಂದೇ ಪ್ರಮಾಣದ ಬಲ.

ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರದ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ಸುಮಾರಿಗೆ ಇಂಥ ಸರಳ ಪ್ರಶ್ನೆಗಳನ್ನೇ ಕೇಳಿದರು. ಕಷ್ಟದ ಲೆಕ್ಕ ಬಿಡಿಸುತ್ತಿದ್ದ ವಿದ್ಯಾರ್ಥಿಗಳು ಇಲ್ಲಿ ಎಡವಿದರು. ಮಜೂರ್ ವಿದ್ಯಾರ್ಥಿಗಳನ್ನು ದೂರಲಿಲ್ಲ. ತಮ್ಮ ತರಗತಿಯನ್ನೇ ಬದಲಿಸಿದರು. ಪಾಠ ಮೊದಲೇ ಓದಿಕೊಂಡು ಬನ್ನಿ ಅಂದರು. ತರಗತಿಯಲ್ಲಿ ಒಂದು ಪ್ರಶ್ನೆ. ಒಬ್ಬೊಬ್ಬರೇ ಯೋಚಿಸಿ ಉತ್ತರಿಸಬೇಕು. ಆಮೇಲೆ ಪಕ್ಕದವರೊಡನೆ ವಾದ. ಮತ್ತೆ ಉತ್ತರ. ಸಭಾಂಗಣವೆಲ್ಲ ಗುಜುಗುಜು!

ನನಗೆ ಬಹಳ ಹಿಡಿಸಿದ್ದು ಪಕ್ಕದವರೊಡನೆಯ ಈ ವಾದವೇ. ಈಗಷ್ಟೇ ಅರ್ಥವಾದವನಿಗೆ, ಗೆಳೆಯ ಎಲ್ಲಿ ಸಿಕ್ಕಿಕೊಂಡಿದ್ದಾನೆ ಅಂತ ಚೆನ್ನಾಗಿ ಗೊತ್ತು. ನಮ್ಮ ಪದವಿ ತರಗತಿಗಳಲ್ಲೂ ನೋಟ್ಸ್ ಬರೆಸುವುದನ್ನು ಹತ್ತು ನಿಮಿಷ ನಿಲ್ಲಿಸಿದರೆ ಆ ಗುಜುಗುಜು ಕೇಳೀತು.