ಕಡಲಿಗಿಳಿದ ಮೇಲೆ ಬಂದ ಪದಗಳು



ಕನ್ನಡದ ಸಭೆಯಲ್ಲಿ ತಿಮಿಂಗಿಲದ ಮಾತೇಕೆ ಎಂದು ನೀವು ಹುಬ್ಬೇರಿಸಬಹುದು. ಕಾರಣವಿದೆ. "ಕನ್ನಡದಲ್ಲಿ ಪದಗಳಿಲ್ಲ, ಇಂಗ್ಲಿಷಿನಲ್ಲಿ ಎಲ್ಲಕ್ಕೂ ಪದವಿದೆ" ಎಂಬ ಮಾತನ್ನು ಕಚೇರಿಯಲ್ಲಿ, ಕಾಲೇಜಿನಲ್ಲಿ, ಕಾರ್ಖಾನೆಯಲ್ಲಿ ಕೇಳಿ ಕೇಳಿ ನಮಗೆ ಸಾಕಾಗಿದೆ. ಹಾಗಾದರೆ ಇಂಗ್ಲಿಷಿಗೆ ಪದಗಳು ಎಲ್ಲಿಂದ ಬಂದವು? ತಿಮಿಂಗಿಲ ಬೇಟೆ ಎಂಬ ಒಂದೇ ಒಂದು ಕಸುಬನ್ನು ಹಿಡಿದು ನೋಡೋಣ.

'ವೇಲ್' ಎಂಬ ಹೆಸರು ಇಂಗ್ಲಿಷರದೇ. ಹಳೆಯ ಇಂಗ್ಲಿಷಿನಲ್ಲಿ ಅದು 'ಹ್ವ್ಯಾಲ್'. ಜರ್ಮನರ 'ವಾಲ್' ಅದರ ಒಡಹುಟ್ಟು. ಪ್ರಾಣಿಗೆ ಹೆಸರೇನೋ ಇತ್ತು, ನಡುಗಡಲಿನ ಬೇಟೆಯ ಕಸುಬು ಕೈಯಲ್ಲಿರಲಿಲ್ಲ. 1611ರಲ್ಲಿ ಲಂಡನ್ನಿನ ಮಸ್ಕೊವಿ ಕಂಪನಿ ಉತ್ತರ ಧ್ರುವದತ್ತ ಸ್ಪಿಟ್ಸ್‌ಬರ್ಗನ್ ದ್ವೀಪಕ್ಕೆ ಬೇಟೆಯ ಹಡಗು ಕಳಿಸಿದಾಗ ಬಾಸ್ಕ್ ಬೇಟೆಗಾರರನ್ನು ಕೂಲಿ ಕೊಟ್ಟು ಕರೆದೊಯ್ಯಬೇಕಾಯಿತು. ಬಾಸ್ಕರೆಂದರೆ ಸ್ಪೇನ್-ಫ್ರಾನ್ಸ್ ಗಡಿಯ ಒಂದು ಸಣ್ಣ ಜನ. ಸಾಮ್ರಾಜ್ಯ ಕಟ್ಟಿದ ಇಂಗ್ಲಿಷರಿಗೆ ಈ ಕಸುಬು ಕಲಿಸಿದವರು ಅವರು!

ಕಸುಬಿನ ಹಿಂದೆಯೇ ಪದಗಳೂ ಬಂದವು. ಎಸೆಯುವ ಈಟಿ 'ಹಾರ್ಪೂನ್' ಫ್ರೆಂಚರಿಂದ ಬಂತು. ಕೊಬ್ಬನ್ನು ಸೀಳಿ ತೆಗೆಯುವ 'ಫ್ಲೆನ್ಸ್' ಡೇನರಿಂದ ಬಂತು. ಕೊಬ್ಬು ಕಾಯಿಸಿ ಇಳಿಸಿದ ಎಣ್ಣೆಗೆ 'ಟ್ರೇನ್ ಆಯಿಲ್' ಎಂದರು. ರೈಲಿಗೂ ಅದಕ್ಕೂ ಸಂಬಂಧವಿಲ್ಲ. ಅದು ಡಚ್ಚರ 'ತ್ರಾನ್', ಎಂದರೆ ಹನಿ, ಕಣ್ಣೀರು. ಸುಗಂಧದ 'ಅಂಬರ್‌ಗ್ರೀಸ್' ಎಂಬಲ್ಲಿ ಅರಬ್ಬರ 'ಅಂಬರ್' ಇದೆ, ಬೂದುಬಣ್ಣ ಎನ್ನುವ ಫ್ರೆಂಚ್ ಮಾತಿದೆ. ಬಿಳಿ ತಿಮಿಂಗಿಲ 'ಬೆಲೂಗ' ರಷ್ಯನ್ನರ 'ಬಿಳಿ' ಎಂಬ ಪದದಿಂದ ಹುಟ್ಟಿತು. ಕೊಂಬಿನ 'ನಾರ್ವಾಲ್' ಉತ್ತರದ ನಾರ್ಸ್ ಜನರ 'ಹೆಣ-ತಿಮಿಂಗಿಲ'. ಅದರ ಚರ್ಮದ ಬಣ್ಣ ಹೆಣದಂತೆ ಕಂಡಿತಂತೆ!

ಮನೆಮಾತನ್ನೂ ಅವರು ಬಿಡಲಿಲ್ಲ. ಚರ್ಮದಡಿಯ ಕೊಬ್ಬಿಗೆ ಅವರು ಹೇಳುವ 'ಬ್ಲಬ್ಬರ್' ಹಿಂದೆ ನೊರೆ, ಗುಳ್ಳೆ ಎಂಬ ಅರ್ಥದ ಸಾದಾ ಮಾತು. ಅದನ್ನೇ ಕೆಲಸಕ್ಕೆ ಹಚ್ಚಿದರು.

ತಪ್ಪಿನಿಂದ ಹುಟ್ಟಿದ ಹೆಸರೂ ಉಂಟು. 'ಸ್ಪರ್ಮ್ ವೇಲ್' ತಲೆಯಲ್ಲಿರುವ ಮೇಣದಂಥ ಎಣ್ಣೆಯನ್ನು ವೀರ್ಯವೆಂದು ತಿಳಿದು ಲ್ಯಾಟಿನ್ನಿನಲ್ಲಿ 'ತಿಮಿಂಗಿಲದ ವೀರ್ಯ' ಎಂದು ಕರೆದರು. ಅದು ವೀರ್ಯವಲ್ಲವೆಂದು ಗೊತ್ತಾದ ಮೇಲೂ ಹೆಸರು ಹಾಗೇ ಉಳಿಯಿತು. ಇದಕ್ಕಾಗಿ ಇಂಗ್ಲಿಷ್ ವಿಜ್ಞಾನಕ್ಕೆ ನಾಲಾಯಕ್ಕು ಎಂದು ಯಾರಾದರೂ ಹೇಳಿದರೇ? ಕನ್ನಡ ಪತ್ರಿಕೆಗಳು ಅಂಬರ್‌ಗ್ರೀಸನ್ನು 'ತಿಮಿಂಗಿಲ ವಾಂತಿ' ಎನ್ನುತ್ತವೆ. ಅದು ಉಂಟಾಗುವುದು ಕರುಳಿನಲ್ಲಿ. ಪದ ಪೂರ್ತಿ ಸರಿಯಿಲ್ಲ, ನಿಜ. ಆದರೆ ಓದುಗನಿಗೆ ತಿಳಿಯುತ್ತದೆ. ಬಳಸಿದರೆ ತಾನೇ ತಿದ್ದಲು ಸಾಧ್ಯ?

ಆ ಬೇಟೆಯನ್ನು ಹೊಗಳಲು ನಾನು ನಿಂತಿಲ್ಲ. ಅದು ಕ್ರೂರ ಕಸುಬು. ವ್ಯಾಪಾರದ ಬೇಟೆಯನ್ನು ನಿಲ್ಲಿಸಬೇಕೆಂದು 1982ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗವೇ ತೀರ್ಮಾನಿಸಿತು. ನಾನು ಹೇಳುವುದಿಷ್ಟೇ: ಇಂಗ್ಲಿಷರು ಮೊದಲು ಪದಕೋಶ ಬರೆದು ಆಮೇಲೆ ಕಡಲಿಗಿಳಿಯಲಿಲ್ಲ. ಕಡಲಿಗಿಳಿದರು, ಪದ ಬಂತು. ನಾವಿಕ ತಂದ, ಕೂಲಿಯವ ತಂದ. ಪಂಡಿತ ಆಮೇಲೆ ಬರೆದುಕೊಂಡ.

ನಾವೂ ಎರವಲು ತಂದವರೇ. 'ತಿಮಿಂಗಿಲ' ಸಂಸ್ಕೃತದ್ದು. 'ತಿಮಿ' ಎಂಬ ದೊಡ್ಡ ಮೀನನ್ನೇ ನುಂಗುವುದು ಎಂದು ಅರ್ಥ. ಇಂದು ಅದು ಕನ್ನಡದ ಮಕ್ಕಳ ಬಾಯಲ್ಲಿದೆ. ಎರವಲಿನಲ್ಲಿ ಅವಮಾನವಿಲ್ಲ. ನುಡಿಯನ್ನು ಕೆಲಸದಿಂದ ಹೊರಗಿಟ್ಟು, ಆಮೇಲೆ "ನಿನಗೆ ಪದ ಗೊತ್ತಿಲ್ಲ" ಎಂದು ಹಂಗಿಸುವುದಿದೆಯಲ್ಲ, ಅದು ಅವಮಾನ! ಈಜು ಬರುವ ತನಕ ನೀರಿಗಿಳಿಯಬೇಡ ಎಂದ ಹಾಗೆ.

ನ್ಯಾಯಾಲಯದ ತೀರ್ಪು ಕನ್ನಡದಲ್ಲಿ ಬರಲಿ. ಬ್ಯಾಂಕಿನ ಅರ್ಜಿ, ವೈದ್ಯರ ಚೀಟಿ, ಯಂತ್ರದ ಕೈಪಿಡಿ ಕನ್ನಡದಲ್ಲಿ ಬರಲಿ. ಮಲ್ಪೆಯ, ಕಾರವಾರದ ಮೀನುಗಾರರ ಬಾಯಲ್ಲಿರುವ ಕನ್ನಡ, ತುಳು, ಕೊಂಕಣಿ ಹೆಸರುಗಳು ಪಠ್ಯಪುಸ್ತಕಕ್ಕೆ ಬರಲಿ. ಇನ್ನು ಮುಂದೆ ಯಾರಾದರೂ "ಕನ್ನಡದಲ್ಲಿ ಪದವೆಲ್ಲಿದೆ?" ಎಂದರೆ ತಲೆ ತಗ್ಗಿಸಬೇಡಿ. "ಮೊದಲು ಕನ್ನಡಕ್ಕೆ ಕೆಲಸ ಕೊಡಿ, ಪದ ನಾವು ತರುತ್ತೇವೆ" ಎನ್ನಿ.

ಸಿರಿಗನ್ನಡಂ ಗೆಲ್ಗೆ!